ಮಿರ್ಚಿ ಬಸ್ಸಿನ ಪಂಪ್ ಮೇಸ್ತ್ರಿ

ನನ್ನ ಡೈರಿಗಳಲ್ಲಿ ಮೇಸ್ತ್ರಿ ನೂರಾ ಹದಿನೆಂಟು ಪುಟಗಳಲ್ಲಿ ಬರುತ್ತಾರೆ. ಕಳೆದ ಭಾನುವಾರ ಕೂತು ಎಣಿಸಿದೆ. ಅವರು ಬೈದದ್ದು ಇಪ್ಪತ್ತಾರು ಸಲ, ಎಲ್ಲವೂ ಲಾರಿ ಮಾಲೀಕರನ್ನು. ನಕ್ಕದ್ದು ಒಂಬತ್ತು ಸಲ. ನನ್ನನ್ನು ಹೊಗಳಿದ್ದು ಒಂದೇ ಸಲ.

ಎಣಿಸಲು ಕೂತದ್ದು ಹುಲುಗಪ್ಪನವರ ಫೋನು ಬಂದ ಮೇಲೆ. ಅವರು ನಮ್ಮ ಗಣಿ ಕಂಪನಿಯ ಸಿಬ್ಬಂದಿ ಬಸ್ಸು ಓಡಿಸುತ್ತಿದ್ದವರು, ಈಗ ನಿವೃತ್ತಿಯಾಗಿ ಬಂಡ್ರಿಯಲ್ಲಿದ್ದಾರೆ.

"ಮೇಡಂ, ಮೇಸ್ತ್ರಿ ಹೋದ್ರಂತ್ರಿ. ಹನ್ನೊಂದು ದಿನ ಆತಂತ. ಕಂಪ್ಲಿಯಾಗ ಮಣ್ಣಾತು. ನನಗೂ ಈಗ ಗೊತ್ತಾತು."

"ಏನಾಗಿತ್ತಂತ್ರಿ?"

"ಏನೂ ಇಲ್ಲಂತ. ಮಧ್ಯಾಹ್ನ ಉಂಡು ಮಲಗ್ಯಾರ, ಎದ್ದಿಲ್ಲ. ನೀವು ಅವ್ರ ಕೂಡ ಭಾಳ ದಿನ ಇದ್ರಿ ಅಂತ ಹೇಳಿದೆ ನೋಡ್ರಿ," ಎಂದು ಫೋನಿಟ್ಟರು.

ನಮ್ಮ ಕಂಪನಿಯಲ್ಲಿ ಮೇಸ್ತ್ರಿ ಈಗಲೂ ಉಳಿದಿದ್ದಾರೆ, ಒಂದು ತಪ್ಪಿನ ಉದಾಹರಣೆಯಾಗಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೊಡುವ ಸುರಕ್ಷತಾ ತರಬೇತಿಯಲ್ಲಿ, ಪರದೆಯ ಮೇಲೆ ಹದಿನಾರನೆಯ ಚಿತ್ರವಾಗಿ ಅವರ ಕೆಲಸದ ಫೋಟೊ ಬರುತ್ತದೆ. ಕೆಳಗೆ ಬರೆದಿರುತ್ತದೆ: 'ಹೊರಗಿನ ಮೆಕ್ಯಾನಿಕ್‌ನ ಅಜಾಗರೂಕತೆ.' ಹೆಸರಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಆ ತಪ್ಪು ಅವರದಲ್ಲ ಎಂಬುದನ್ನು ಮಾತ್ರ ಬರೆಯುತ್ತೇನೆ.

ಅವರು ಡೀಸೆಲ್ ಪಂಪಿನ ಮೇಸ್ತ್ರಿ. ಪಂಪು ಎಂದರೆ ರಸ್ತೆ ಬದಿಯ ಬಂಕ್ ಅಲ್ಲ. ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡು, ಟ್ಯಾಂಕಿನಿಂದ ಬಂದ ಡೀಸೆಲನ್ನು ಹನಿ ಲೆಕ್ಕದಲ್ಲಿ ಅಳೆದು, ಹೊತ್ತಿಗೆ ಸರಿಯಾಗಿ ಒಂದೊಂದು ಸಿಲಿಂಡರಿಗೂ ಚಿಮ್ಮಿಸುವ ಲೋಹದ ಪೆಟ್ಟಿಗೆ. ಅದರ ಒಳಗಿನ ಭಾಗಗಳ ನಡುವೆ ಕೂದಲೆಳೆಗಿಂತ ಕಡಿಮೆ ಸಂದು. ಸಂಡೂರಿನ ಕೆಂಧೂಳು ಒಂದು ಚಿಟಿಕೆ ಒಳಗೆ ಹೋದರೆ ಅದರ ಕಥೆ ಮುಗಿಯಿತು.

ಹೊಸಪೇಟೆಯ ಬೈಪಾಸ್ ಬದಿಯಲ್ಲಿ ಅವರ ಅಂಗಡಿ. ಹೊರಗಿನ ಕೋಣೆ ಎಲ್ಲ ಗ್ಯಾರೇಜುಗಳಂತೆ ಕರಿಹಿಡಿದದ್ದು. ಒಳಗಿನದು ಪಂಪ್ ರೂಮು, ಸುಣ್ಣ ಬಳಿದ ಗೋಡೆ, ಒರೆಸಿದ ನೆಲ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ನಾನು ಮೊದಲ ಸಲ ಹೋದ ದಿನ ತೋರಣಗಲ್ಲು ಕಡೆಯ ಒಬ್ಬ ಲಾರಿ ಮಾಲೀಕ ಬಾಗಿಲಲ್ಲೇ ನಿಂತು ಜಗಳ ತೆಗೆದಿದ್ದ.

"ಇದೇನ್ ಗುಡಿ ಏನ್ರಿ ಮೇಸ್ತ್ರಿ, ಚಪ್ಲಿ ಬಿಡಾಕ?"

"ಗುಡಿಯಾಗ ಧೂಳ್ ಹೋದ್ರ ದೇವ್ರು ಏನೂ ಅನ್ನಂಗಿಲ್ಲ. ಇದು ಅಂತೈತಿ. ಬಿಟ್ಟ್ ಬರ್ರಿ, ಇಲ್ಲಾ ಅಲ್ಲೇ ಕುಂದ್ರಿ."

ಆ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬಂದ. ಬಂದವನ ಪಾದಗಳನ್ನು ನೋಡಿ ಮೇಸ್ತ್ರಿ, "ಇದಕ್ಕಿಂತ ಚಪ್ಲೀನ ಚಲೋ ಇತ್ತು," ಎಂದು ಒಂದು ಒದ್ದೆ ಬಟ್ಟೆ ಎಸೆದರು.

ಒಳಗಿನ ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಹಳೆಯ ಕ್ಯಾಲೆಂಡರ್ ಒಂದೇ. ವರ್ಷ ಕಳೆದರೂ ತೆಗೆದಿರಲಿಲ್ಲ. "ಮುಖಕ್ಕ ಇಟ್ಟೀನಿ, ತಾರೀಖಿಗಲ್ಲ," ಎನ್ನುತ್ತಿದ್ದರು. ನಾನು ಪರಿಚಯವಾದ ಮೇಲೆ ಅದಕ್ಕೆ ಒಂದು ಮಾತು ಸೇರಿತು: "ತಾರೀಖಿಗೆ ಈ ಇಂಜಿನೇರಮ್ಮ ಅದಾಳಲ್ಲ."

ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳು ಬೇರೆಯ ಬೆರಳುಗಳಂತಿರಲಿಲ್ಲ. ತುದಿಗಳು ಮೆತ್ತಗೆ, ಗೆರೆಗಳಿಲ್ಲದೆ ನುಣ್ಣಗಿದ್ದವು. ಎಂಜಿನ್ ಓಡುತ್ತಿರುವಾಗ ಪಂಪಿನಿಂದ ಹೊರಡುವ ಉಕ್ಕಿನ ಸಣ್ಣ ಪೈಪುಗಳ ಮೇಲೆ ಆ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು, ಹಳ್ಳಿಯ ವೈದ್ಯರು ನಾಡಿ ನೋಡುವಂತೆ. "ಒಂದು ಸರಿ ಐತಿ. ಎರಡು ಸರಿ ಐತಿ. ನಾಕನೇದು ಹಸ್ಕೊಂಡೈತಿ ನೋಡು, ಅದಕ್ಕ ಎಣ್ಣಿ ಸಾಲವಲ್ದು." ಪಂಪು ಬಿಚ್ಚಿ ಅಳತೆಯ ಮೇಜಿಗೆ ಹಾಕಿದರೆ ನಾಲ್ಕನೆಯದೇ ಕಡಿಮೆ ಇರುತ್ತಿತ್ತು. ಅವರು ಬೆರಳಿನಿಂದ ಹೇಳಿದ್ದನ್ನು ನಾನು ಮೂವತ್ತೊಂದು ಸಲ ಮೇಜಿನ ಅಳತೆಯೊಂದಿಗೆ ಹೋಲಿಸಿ ಬರೆದಿದ್ದೇನೆ. ಇಪ್ಪತ್ತೊಂಬತ್ತು ಸಲ ಸರಿ. ಉಳಿದೆರಡರಲ್ಲಿ ಮೇಜೇ ತಪ್ಪಿದೆ ಎಂದು ಅವರು ವಾದಿಸಿದ್ದರು.

ಕಂಪನಿ ಇವರ ಬಳಿಗೆ ಹೋದದ್ದು 'ಹಸಿರು ಬಸ್' ಯೋಜನೆಗಾಗಿ. ಯಶವಂತನಗರದ ನಮ್ಮ ಯಾರ್ಡಿನಿಂದ ಹೊಸಪೇಟೆಗೆ ಓಡಾಡುವ ಸಿಬ್ಬಂದಿ ಬಸ್ಸೊಂದನ್ನು ಕರಿದು ಬಿಟ್ಟ ಅಡುಗೆ ಎಣ್ಣೆಯಲ್ಲಿ ಓಡಿಸಬೇಕು, ಬಸ್ಸಿನ ಮೈಮೇಲೆ ಎಲೆಯ ಚಿತ್ರ ಹಾಕಬೇಕು, ಅತಿಥಿಗಳು ಬಂದಾಗ ತೋರಿಸಬೇಕು, ಇದು ಮ್ಯಾನೇಜರ್ ಅವರ ಆಸೆ. ಮೇಸ್ತ್ರಿ ಆಗಲೇ ಎರಡು ವರ್ಷದಿಂದ ತಮ್ಮ ಹಳೆಯ ಜೀಪನ್ನು ಕಂಪ್ಲಿಗೂ ಹೊಸಪೇಟೆಗೂ ನಡುವೆ ಅದೇ ಎಣ್ಣೆಯಲ್ಲಿ ಓಡಿಸುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ ತರಬೇತಿಗೆ ಸೇರಿ ಎರಡು ತಿಂಗಳಾಗಿತ್ತು. ಗಾದಿಗನೂರಿನಿಂದ ದಿನಾ ಅದೇ ಬಸ್ಸಿಗೆ ಬರುವವಳು. ಬಸ್ಸಿನ ದಾಖಲೆ ಬರೆಯುವ ಕೆಲಸ ನನಗೆ ಬಂತು.

"ಓಡಸ್ತೀನ್ರಿ," ಎಂದರು ಮೇಸ್ತ್ರಿ ಮ್ಯಾನೇಜರ್ ಅವರಿಗೆ. "ಆದ್ರ ಎಣ್ಣಿಗೆ ಡೀಸೆಲಿನ ಗುಣ ಇಲ್ರಿ. ಅದು ದಪ್ಪ, ಸೋಮಾರಿ. ಅದರ ರೀತಿ ತಿಳಕೊಂಡು ನಡಿಬೇಕು."

ಅದರ ರೀತಿ ಹೀಗೆ. ಬಸ್ಸಿಗೆ ಎರಡು ಟ್ಯಾಂಕು, ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಎಣ್ಣೆ. ಬೆಳಿಗ್ಗೆ ಡೀಸೆಲಿನಲ್ಲಿ ಎಂಜಿನ್ ಹಚ್ಚಬೇಕು. ಎಂಜಿನ್ನಿನ ಬಿಸಿನೀರು ಸುರುಳಿ ಪೈಪಿನಲ್ಲಿ ಹಾಯ್ದು ಎಣ್ಣೆಯನ್ನು ಕಾಯಿಸುತ್ತದೆ; ಕಾದ ಎಣ್ಣೆ ತೆಳ್ಳಗಾಗುತ್ತದೆ. ಆಮೇಲೆ ಚಾಲಕ ಕಾಲ ಬಳಿಯ ವಾಲ್ವಿನ ಕೀಲಿಯನ್ನು ಎಣ್ಣೆಯ ಕಡೆಗೆ ತಿರುಗಿಸುತ್ತಾನೆ. ನಿಲ್ಲಿಸುವ ಐದು ನಿಮಿಷ ಮೊದಲು ಮತ್ತೆ ಡೀಸೆಲಿಗೆ ತಿರುಗಿಸಬೇಕು, ಪಂಪಿನೊಳಗಿನ ಎಣ್ಣೆಯೆಲ್ಲ ಉರಿದು ಹೋಗಿ ಡೀಸೆಲ್ ತುಂಬಿಕೊಳ್ಳಬೇಕು. "ಬಾಯಿ ಮುಕ್ಕಳಿಸಿ ಮಲಗಬೇಕು," ಎಂದು ಹುಲುಗಪ್ಪನವರಿಗೆ ಕಲಿಸಿದ್ದರು.

ಇದಕ್ಕೂ ಮೊದಲಿನ ಕೆಲಸ ಸೋಸುವುದು. ಬಳ್ಳಾರಿಯಿಂದ ಹೊಲಿಗೆ ಕೆಟ್ಟು ವಾಪಸಾದ ಜೀನ್ಸ್ ಪ್ಯಾಂಟುಗಳನ್ನು ಮೂಟೆಗಟ್ಟಲೆ ತರಿಸಿ, ಕಾಲುಗಳನ್ನು ಕತ್ತರಿಸಿ, ತುದಿ ಹೊಲಿದು ಉದ್ದನೆಯ ಚೀಲ ಮಾಡಿದರು. ಕೊಕ್ಕೆಗೆ ತೂಗುಹಾಕಿ ಮೇಲಿಂದ ಎಣ್ಣೆ ಹುಯ್ದರೆ ಕೆಳಗಿನ ಡ್ರಮ್ಮಿಗೆ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು. ಯಾರ್ಡಿನ ಶೆಡ್ಡಿನಲ್ಲಿ ಹನ್ನೆರಡು ಜೀನ್ಸ್ ಕಾಲುಗಳು ಸಾಲಾಗಿ ನೇತಾಡುವುದನ್ನು ನೋಡಿ ಪಾಳಿ ಮುಗಿಸಿ ಹೋಗುವವರು ಗೇಲಿ ಮಾಡುತ್ತಿದ್ದರು. "ಮೇಸ್ತ್ರಿ, ಆರು ಮಂದಿ ಎಲ್ಲಿ ಹೋದ್ರು, ಕಾಲು ಅಷ್ಟ ಬಿಟ್ಟು?" "ನಿನ್ನಂಗ ಕೆಲ್ಸ ಬಿಟ್ಟು ಮಾತಾಡ್ಕೋತ ನಿಂತಿದ್ರು, ಅದಕ್ಕ ಕಡದೆ."

ಎಣ್ಣೆ ಮೂರು ಕಡೆಯಿಂದ ಬರುತ್ತಿತ್ತು: ಹೊಸಪೇಟೆಯ ಮಿರ್ಚಿ ಬಂಡಿಗಳು, ಹಂಪಿ ಕಡೆಯ ಹೋಟೆಲುಗಳು, ನಮ್ಮ ಕ್ಯಾಂಟೀನು. ಡಬ್ಬಿಯ ಮುಚ್ಚಳ ತೆಗೆದು ಮೂಸಿದರೆ ಸಾಕು, ಮೇಸ್ತ್ರಿ ಊರು ಹೇಳುತ್ತಿದ್ದರು. ನನಗೆ ನಂಬಿಕೆ ಬರದೆ ಒಂದು ಶುಕ್ರವಾರ ಗುರುತಿಲ್ಲದ ಐದು ಬಾಟಲಿ ಇಟ್ಟು ಪರೀಕ್ಷೆ ಮಾಡಿದೆ.

"ಇದು ಬಸ್ ಸ್ಟ್ಯಾಂಡಿನ ಮಿರ್ಚಿ. ಅಜವಾನ ಜಾಸ್ತಿ ಹಾಕ್ತಾನ. ಇದು ನಿಮ್ಮ ಕ್ಯಾಂಟೀನು, ಉಳ್ಳಾಗಡ್ಡಿ ಸುಟ್ಟೈತಿ. ಇದು..." ಮತ್ತೊಮ್ಮೆ ಮೂಸಿದರು. "ಇದು ಹಂಪಿದು. ಫಾರಿನ್ನರಿಗೆ ಕಡ್ಲಿ ವಡಿ ಕರಕೊಡ್ತಾರಲ್ಲ, ಅದು."

ಐದಕ್ಕೆ ಐದು ಸರಿ. ಒಂಬತ್ತು ನಗುಗಳಲ್ಲಿ ಒಂದು ಅವತ್ತಿನದು.

ಬಸ್ಸು ಓಡಿತು. ಮೊದಲ ತಿಂಗಳು ಹನ್ನೊಂದು ಫಿಲ್ಟರು ಕಟ್ಟಿಕೊಂಡವು. ಘಾಟಿಯ ನಡುವೆ ಎರಡು ಸಲ ನಿಂತಿತು. ಮ್ಯಾನೇಜರ್ ಸಿಡಿದರು. ಮೇಸ್ತ್ರಿ ಕರಿ ಫಿಲ್ಟರನ್ನು ಅವರ ಮೇಜಿನ ಮೇಲೇ ಕತ್ತರಿಸಿ ಬಿಚ್ಚಿಟ್ಟರು. "ಇದು ಎಣ್ಣಿ ಹೊಲಸಲ್ರಿ ಸಾಹೇಬ್ರ. ಹತ್ತು ವರ್ಷದ ಡೀಸೆಲ್ ಹೊಲಸು ಪೈಪಿನ್ಯಾಗ ಕುಂತಿತ್ತು, ಎಣ್ಣಿ ಕಿತ್ತು ತಗೊಂಡು ಬರಾಕತ್ತೈತಿ. ಬರ್ಲಿ ಬಿಡ್ರಿ." ಎರಡನೆಯ ತಿಂಗಳು ಐದು ಫಿಲ್ಟರು. ಮೂರನೆಯದಕ್ಕೆ ಎರಡು. ನಾಲ್ಕನೆಯದಕ್ಕೆ ಒಂದು. ನಾನು ಎಳೆದ ಇಳಿಯುವ ಗೆರೆಯನ್ನು ಮ್ಯಾನೇಜರ್ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಸ್ಸು ಹಾದುಹೋದಲ್ಲೆಲ್ಲ ಮೆಣಸಿನಕಾಯಿ ಬಜ್ಜಿಯ ವಾಸನೆ. ಸಿಬ್ಬಂದಿ ಅದಕ್ಕೆ 'ಮಿರ್ಚಿ ಬಸ್' ಎಂದು ಹೆಸರಿಟ್ಟರು. "ಬರೀ ವಾಸನಿ ಕೊಡ್ತೀರಿ, ಮಂಡಕ್ಕಿ ಯಾವಾಗ್ರಿ?" ಎಂದು ಹುಲುಗಪ್ಪನವರನ್ನು ಕಾಡುತ್ತಿದ್ದರು.

ಇನ್ನು ಶೀಶೆಯ ಮಾತು.

ಎಲ್ಲ ಎಣ್ಣೆಯೂ ತಂಪಿಗೆ ಒಂದೇ ರೀತಿ ಇರುವುದಿಲ್ಲ. ಕೆಲವು ತಿಳಿಯಾಗಿಯೇ ಉಳಿಯುತ್ತವೆ. ಡಾಲ್ಡಾ ಬೆರೆತಿದ್ದರೆ ಬೆಳ್ಳಗೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಬಿಸಿ ಇದ್ದಾಗ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಪ್ರತಿ ಹೊಸ ಡ್ರಮ್ಮಿನಿಂದ ಒಂದು ಶೀಶೆ ಎಣ್ಣೆ ತೆಗೆದು, ನೀರು ತುಂಬಿದ ಮಡಿಕೆಯಲ್ಲಿ ರಾತ್ರಿಯಿಡೀ ಮುಳುಗಿಸಿಡಬೇಕು. ಬೆಳಿಗ್ಗೆ ತಿಳಿಯಾಗಿದ್ದರೆ ಮಾತ್ರ ಆ ಡ್ರಮ್ಮು ಬಸ್ಸಿಗೆ. ಮೇಸ್ತ್ರಿಗೆ ದಿನಾ ಯಾರ್ಡಿಗೆ ಬರಲು ಆಗುತ್ತಿರಲಿಲ್ಲವಾದ್ದರಿಂದ ಶೀಶೆಯ ಕೆಲಸ ನನ್ನದಾಯಿತು. ನಾನು ಅದನ್ನು ನನ್ನ ರೀತಿಯಲ್ಲೇ ಮಾಡಿದೆ. ಪ್ರತಿ ಸಲ ಶೀಶೆಯ ಕುತ್ತಿಗೆಗೆ ಡ್ರಮ್ಮಿನ ಸಂಖ್ಯೆ ಬರೆದ ಚೀಟಿ ಅಂಟಿಸುವುದು, ಬೆಳಿಗ್ಗೆ ನೋಡುವುದು, ಪುಸ್ತಕದಲ್ಲಿ ಸರಿ ಗುರುತು ಹಾಕುವುದು. ಹೊಸ ಡ್ರಮ್ಮು ಬಂದಾಗ ಹಳೆಯ ಚೀಟಿ ಕಿತ್ತು ಹೊಸದು.

ಏಳನೆಯ ಡ್ರಮ್ಮಿನ ಹೊತ್ತಿಗೆ ಮೇಸ್ತ್ರಿ ನನ್ನ ಪುಸ್ತಕವನ್ನು ಒಂದೊಂದೇ ಹಾಳೆ ತಿರುವಿ ನೋಡಿದರು. ಮುಚ್ಚಿ ಕೈಗೆ ಕೊಟ್ಟರು.

"ನೀ ಬರ್ದೀ ಅಂದ್ರ ನಾ ಮತ್ತ ನೋಡಂಗಿಲ್ಲ ಬಿಡವ್ವಾ."

ಹೊಗಳಿದ್ದು ಎಂದೆನಲ್ಲ, ಅದು ಇಷ್ಟೇ.

ಹದಿನಾಲ್ಕನೆಯ ಡ್ರಮ್ಮು ಬಂದದ್ದು ಆಯುಧಪೂಜೆಗೆ ಎರಡು ದಿನ ಮುಂಚೆ, ಸಂಜೆ. ಕ್ಯಾಂಟೀನಿನ ಎಣ್ಣೆ. ಹಬ್ಬಕ್ಕೆಂದು ಅಲ್ಲಿ ಇಡೀ ಸಿಬ್ಬಂದಿಗೆ ಬಾಲುಷಾಹಿ ಕರಿದಿದ್ದರು. ಪೂಜೆಯ ದಿನ ಅತಿಥಿಗಳು ಬರುತ್ತಾರೆ, ಹಸಿರು ಬಸ್ಸಿನ ಬಗ್ಗೆ ಇಪ್ಪತ್ತು ಚಿತ್ರಗಳ ಪ್ರದರ್ಶನ ತಯಾರಿಸು ಎಂದು ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡಿದ್ದರು. ಮುಗಿದಾಗ ಬಸ್ಸು ಹೊರಡಲು ಆರು ನಿಮಿಷವಿತ್ತು. ಶೆಡ್ಡು ಯಾರ್ಡಿನ ಆ ತುದಿಯಲ್ಲಿ. ಪುಸ್ತಕ ನನ್ನ ಮೇಜಿನ ಮೇಲಿತ್ತು. ಮರುದಿನ ಬೆಳಿಗ್ಗೆಯೇ ಡ್ರಮ್ಮನ್ನು ಬಸ್ಸಿಗೆ ಹಾಕುವವರು ಪುಸ್ತಕ ನೋಡಿಯೇ ಹಾಕುತ್ತಾರೆ. ಹದಿಮೂರು ಡ್ರಮ್ಮು ಸರಿಯಿತ್ತು. ಹದಿನಾಲ್ಕಕ್ಕೂ ಸರಿ ಗುರುತು ಹಾಕಿ ಓಡಿ ಬಸ್ಸು ಹತ್ತಿದೆ. ಡೈರಿಯಲ್ಲಿ ಅವತ್ತು ಬರೆದದ್ದು: 'ಇಪ್ಪತ್ತು ಚಿತ್ರ ಮುಗಿಯಿತು. ಬಸ್ಸು ಸಿಕ್ಕಿತು.'

ಪೂಜೆಯ ದಿನ ಬೆಳಗಿನ ಪಾಳಿಯವರನ್ನು ಇಳಿಸಿ ಬಸ್ಸು ಯಾರ್ಡಿಗೆ ಬಂತು. ಪೂಜಾರಿ ಅವಸರದಲ್ಲಿದ್ದರು, ಅತಿಥಿಗಳ ಕಾರು ಗೇಟು ದಾಟಿತ್ತು. ಹುಲುಗಪ್ಪನವರು ಕೀಲಿಯನ್ನು ಡೀಸೆಲಿಗೆ ತಿರುಗಿಸಲು ಬಗ್ಗಿದ್ದರು. "ಆಫ್ ಮಾಡಿ, ಆಫ್ ಮಾಡಿ, ಹೊಗೆ ಬರ್ತಿದೆ!" ಎಂದು ಮ್ಯಾನೇಜರ್ ಕೈ ಬೀಸಿದರು. ಎಂಜಿನ್ ನಿಂತಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ನಮ್ಮ ಯಾರ್ಡಿನಲ್ಲಿ ಒಂದು ರೂಢಿ: ಪೂಜೆಯಾದ ಗಾಡಿ ಆ ದಿನ ಮತ್ತೆ ಹಚ್ಚುವುದಿಲ್ಲ. ನಿಂಬೆಹಣ್ಣು ದಾಟುವುದು ಮರುದಿನ ವಿಜಯದಶಮಿಯ ಬೆಳಿಗ್ಗೆ.

ಮೇಸ್ತ್ರಿ ಬಂದದ್ದು ಮಧ್ಯಾಹ್ನ. ಅವರು ದೇವರಿಗೆ ಕೈ ಮುಗಿಯುವವರಲ್ಲ. ಆದರೂ ಆಯುಧಪೂಜೆಯ ದಿನ ಪಾನಾ, ಸುತ್ತಿಗೆ ಮುಟ್ಟುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ದೇವ್ರು ಇರ್ಲಿ ಬಿಡ್ಲಿ, ವರ್ಷಕ್ಕ ಒಂದಿನ ಕಬ್ಬಿಣಕ್ಕೂ ರಜಾ ಬ್ಯಾಡೇನು?" ಎಂದಿದ್ದರು. ಯಾರ್ಡಿನಲ್ಲಿಟ್ಟಿದ್ದ ಅವರ ಸಾಮಾನಿನ ಪೆಟ್ಟಿಗೆಗೂ ಯಾರೋ ಕುಂಕುಮ ಹಚ್ಚಿ ಹೂವಿಟ್ಟಿದ್ದರು. ಹುಲುಗಪ್ಪನವರು ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ಮುಕ್ಕಳಸ್ದ ಮಲಗಿಸಿಬಿಟ್ವಿ ಮೇಸ್ತ್ರಿ."

ಮೇಸ್ತ್ರಿ ಬಾನೆಟ್ ಎತ್ತಿ ಪಂಪಿನ ಮೇಲೆ ಕೈಯಿಟ್ಟರು. "ಇನ್ನೂ ಬೆಚ್ಚಗೈತಿ. ಬಟನ್ ಒತ್ತು, ಐದು ಮಿನಿಟು ಡೀಸೆಲಿನ್ಯಾಗ ಓಡಸಾನು."

"ಬ್ಯಾಡ್ರಿ. ನಿಂಬೆಹಣ್ಣು ಇಟ್ಟಾರ. ಸಾಹೇಬ್ರು ಕುಣಿದಾಡ್ತಾರ."

"ಅವ್ರು ಕುಣೀಲಿ. ಪಂಪ್ ಕುಣೀಬಾರ್ದು." ಅಷ್ಟು ಹೇಳಿ ನನ್ನ ಕಡೆ ತಿರುಗಿದರು. "ಯವ್ವಾ, ಇದು ಹದಿನಾಕನೇ ಡ್ರಮ್ಮಲ್ಲ? ಶೀಶೆ ಗಟ್ಟಿ ಆಗಿತ್ತೇನು?"

ನನ್ನ ಬೆನ್ನ ಹಿಂದೆ ಮ್ಯಾನೇಜರ್ ಅತಿಥಿಗಳಿಗೆ ಗೋಡೆಯ ಮೇಲಿನ ಗೆರೆ ತೋರಿಸುತ್ತಿದ್ದರು. ಆ ತಿಂಗಳ ಕೊನೆಗೆ ನನ್ನ ಕೆಲಸ ಕಾಯಂ ಆಗುವುದಿತ್ತು.

"ಇಲ್ರಿ," ಎಂದೆ. "ತಿಳಿ ಇತ್ತು."

ಅವರು ಬಾನೆಟ್ ಇಳಿಸಿದರು. "ಹಂಗಾರ ಇರ್ಲಿ ಬಿಡು. ತಿಳಿ ಎಣ್ಣಿ ಒಂದು ರಾತ್ರಿಗೆ ಏನೂ ಆಗಂಗಿಲ್ಲ. ಅದಕ್ಕೂ ರಜಾ." ಬಾಲುಷಾಹಿ ತಿಂದು, ಬೆರಳು ನೆಕ್ಕಿ, "ಡಾಲ್ಡಾ ಚಲೋ ಹಾಕ್ಯಾರ," ಎಂದರು. ನನಗೆ ಆಗಲೂ ಹೊಳೆಯಲಿಲ್ಲ ಎಂದು ಬರೆಯಬಹುದಿತ್ತು. ಹೊಳೆಯಿತು. ಹೇಳಲಿಲ್ಲ.

ರಾತ್ರಿ ಮಳೆ ಬಂದು ಬೆಳಿಗ್ಗೆ ತಣ್ಣಗಿತ್ತು. ಮೊದಲ ಟ್ರಿಪ್ಪಿಗೆ ಮುಂಚೆ ನೋಡಿಹೋಗೋಣವೆಂದು ಮೇಸ್ತ್ರಿಯೂ ಬಂದಿದ್ದರು. ಎಂಜಿನ್ ಬಹಳ ಹೊತ್ತು ಹತ್ತಲಿಲ್ಲ. ಹುಲುಗಪ್ಪನವರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಮತ್ತೆ ಮತ್ತೆ ಬಟನ್ ಒತ್ತಿದರು. ಕೊನೆಗೆ ಬಿಳಿಹೊಗೆ ಕಾರಿ ಹತ್ತಿಕೊಂಡಿತು. ಕಾಲು ತೆಗೆದರೂ ಸದ್ದು ಇಳಿಯಲಿಲ್ಲ, ಏರುತ್ತ ಹೋಯಿತು. ಪಂಪಿನೊಳಗೆ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ಉದ್ದನೆಯ ಒಂದು ಕಡ್ಡಿ ಇರುತ್ತದೆ. ಅದು ಪೂರ್ತಿ ತೆರೆದ ಜಾಗದಲ್ಲೇ ಗಟ್ಟಿ ಡಾಲ್ಡಾದಲ್ಲಿ ಸಿಕ್ಕಿಕೊಂಡಿತ್ತು. ನಿಲ್ಲಿಸುವ ಗುಂಡಿ ಎಳೆದರೆ ಅಲುಗಲಿಲ್ಲ. ಬಸ್ಸು ನಿಂತಲ್ಲೇ ನಡುಗುತ್ತಿತ್ತು. ಒಳಗೆ ಆಗಲೇ ಹತ್ತಿ ಕೂತಿದ್ದ ಒಂಬತ್ತು ಜನ ಬಾಗಿಲಿಗೆ ನುಗ್ಗಿದರು. ಎಂಜಿನ್ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

"ಇಳೀರಿ! ಎಲ್ರೂ ದೂರ ಸರೀರಿ!" ಎಂದು ಕೂಗಿ ಮೇಸ್ತ್ರಿ ಮಾತ್ರ ಹತ್ತಿರ ಹೋದರು. ಅಂಥ ಎಂಜಿನ್ನನ್ನು ನಿಲ್ಲಿಸಲು ಇರುವುದು ಒಂದೇ ದಾರಿ, ಗಾಳಿ ಎಳೆಯುವ ಬಾಯಿ ಮುಚ್ಚುವುದು. ಬಾನೆಟ್ ಎತ್ತಿ, ರಬ್ಬರ್ ಕೊಳವೆ ಕಿತ್ತು, ಹೆಗಲ ಟವಲನ್ನು ಮಡಚಿ ಒತ್ತಿ ಹಿಡಿದರು. ಎಂಜಿನ್ ಕೆಮ್ಮಿ, ಒದ್ದಾಡಿ, ಸತ್ತಿತು. ಆ ಬಾಯಿಯ ಪಕ್ಕದಲ್ಲೇ ಫ್ಯಾನು ತಿರುಗುತ್ತಿತ್ತು. ಸದ್ದು ನಿಂತ ಮೇಲೆ ಅವರು ಕೈಯನ್ನು ಮೇಲೆತ್ತಿ, ಯಾರದೋ ಕೈ ಎಂಬಂತೆ ನೋಡಿದರು. ತೋರುಬೆರಳು, ನಡುಬೆರಳು ಇರಲಿಲ್ಲ.

ಹುಲುಗಪ್ಪನವರು ಕೆಳಗೆ ಕೂತು ಅತ್ತರು. ನಿಂಬೆಹಣ್ಣುಗಳು ಚಕ್ರದ ಕೆಳಗೆ ಹಾಗೇ ಇದ್ದವು.

ವಿಚಾರಣೆ ನಡೆದದ್ದು ಒಂಬತ್ತನೆಯ ದಿನ, ಮ್ಯಾನೇಜರ್ ಅವರ ಕೋಣೆಯಲ್ಲಿ. ಅಷ್ಟರಲ್ಲಿ ಡ್ರಮ್ಮು ಕಾಯಿಸಿ ತೊಳೆದಾಗಿತ್ತು. ಪಂಪನ್ನು ಗುಜರಿಗೆ ಹಾಕಿದ್ದರು. ಮೇಸ್ತ್ರಿ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದರು. ನಮ್ಮ ಮುಂದೆ ನನ್ನ ಪುಸ್ತಕ ತೆರೆದಿತ್ತು.

"ಎಂಜಿನ್ ಹಾಗೇ ನಿಲ್ಲಿಸಿದ್ದು ಒಂದು ವಿಷಯ," ಎಂದರು ಮ್ಯಾನೇಜರ್. ನಿಲ್ಲಿಸಲು ಹೇಳಿದವರು ಯಾರೆಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. "ಒಳ್ಳೆ ಎಣ್ಣೆ ಒಂದು ರಾತ್ರಿಗೆ ಏನೂ ಆಗಲ್ಲ ಅಂತ ನೀವೇ ಹೇಳಿದ್ರಂತೆ. ಎಣ್ಣೆ ಸರಿ ಇತ್ತು ಅಂತ ದಾಖಲೆ ಇದೆ. ಹಾಗಾದ್ರೆ ದೋಷ ನೀವು ಕೂರಿಸಿದ ಟ್ಯಾಂಕು-ಪೈಪಿನ ಕಿಟ್‌ನದೇ ಅಲ್ವಾ?"

ಮೇಸ್ತ್ರಿ ಪುಸ್ತಕದ ಮೇಲೆ ಬಗ್ಗಿ ಹದಿನಾಲ್ಕರ ಮುಂದಿನ ಗುರುತನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಅವತ್ತು ನನ್ನ ಮೂಗಿಗೆ ಡಾಲ್ಡಾ ವಾಸನಿ ಹೊಡೀತ್ರಿ," ಎಂದರು. "ಪಂಪಿನ್ಯಾಗೂ ಬೆಳ್ಳಗ ಕಂಡಂಗಾತು. ಆದ್ರ ಈಕಿ ತಿಳಿ ಇತ್ತು ಅಂತ ಬರ್ದಾಳ. ಈಕಿ ಸುಳ್ಳು ಬರಿಯಾಕಿ ಅಲ್ರಿ. ನನ್ನ ಮೂಗು ತಪ್ಪಿರಬೇಕು. ಕಿಟ್ಟಿಂದ ಇದ್ರೂ ಇರಬೋದು."

"ನೀವೇನು ಹೇಳ್ತೀರಿ?" ಎಂದು ಮ್ಯಾನೇಜರ್ ನನ್ನನ್ನು ಕೇಳಿದರು.

ಬಾಯಿ ಕಟ್ಟಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. "ದಾಖಲೆ ಸರಿ ಇದೆ ಸರ್," ಎಂದೆ. ಸ್ಪಷ್ಟವಾಗಿಯೇ ಎಂದೆ.

ಕಿಟ್ಟನ್ನು ಬಿಚ್ಚಿದರು. ಬಸ್ಸು ಮತ್ತೆ ಡೀಸೆಲಿಗೆ ಬಂತು. ಮೈಮೇಲಿನ ಎಲೆಯ ಚಿತ್ರ ಮಾತ್ರ ಇನ್ನೂ ಎರಡು ವರ್ಷ ಇತ್ತು. ಗಣಿ ಪ್ರದೇಶದಲ್ಲಿ ಮಾತು ಲಾರಿಗಿಂತ ಬೇಗ ಓಡುತ್ತದೆ. ಆ ಮೇಸ್ತ್ರಿಯ ಕೈಯಲ್ಲಿ ಎಂಜಿನ್ ಹುಚ್ಚೆದ್ದಿತಂತೆ ಎಂದು ಹಬ್ಬಿತು. ಲಾರಿಗಳು ಬೇರೆ ಅಂಗಡಿ ನೋಡಿಕೊಂಡವು. ತಿಂಗಳ ಕೊನೆಗೆ ನನ್ನ ಕೆಲಸ ಕಾಯಂ ಆಯಿತು.

ನಾನು ಕಂಪ್ಲಿಗೆ ಹೋದದ್ದು ಮೂರು ವಾರ ಬಿಟ್ಟು. ಹೇಳಿಬಿಡಬೇಕೆಂದೇ ಹೋಗಿದ್ದೆ. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಮೇಸ್ತ್ರಿ ಎಡಗೈಯಲ್ಲಿ ಬಸಿ ಹಿಡಿದಿದ್ದರು, ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿತು.

"ಕಾಯಂ ಆತಂತಲ್ಲ. ಹುಲುಗಪ್ಪ ಹೇಳಿದ. ಚಲೋ ಆತು."

"ಹೂನ್ರಿ."

"ಮನಿಯಾಗ ಖುಷಿ ಆಗ್ಯಾರೇನು?"

"ಆಗ್ಯಾರ್ರಿ."

ನನ್ನ ಮಾತು ಅಷ್ಟರಲ್ಲೇ ಸುತ್ತಿತು. ಎದ್ದು ನಿಂತಾಗ ಅವರು ಮಂಚದ ಕೆಳಗಿನಿಂದ ತಮ್ಮ ಸಾಮಾನಿನ ಪೆಟ್ಟಿಗೆ ಎಳೆದು, ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತೆಗೆದರು. ಶೀಶೆ. ಯಾರ್ಡಿನವರು ಶೆಡ್ಡು ಖಾಲಿ ಮಾಡುವಾಗ ಅವರ ಸಾಮಾನಿನ ಜೊತೆ ಕಳಿಸಿಬಿಟ್ಟಿದ್ದರು.

"ಇದು ನಿಂದಲ್ಲ?"

ಶೀಶೆಯ ಕುತ್ತಿಗೆಯಲ್ಲಿ ನನ್ನ ಚೀಟಿ ಹಾಗೇ ಇತ್ತು. ನನ್ನ ಅಕ್ಷರ, ನನ್ನ ಎರಡು ಗೆರೆ ಎಳೆದ ಅಂಕಿ.

"ಹದಿಮೂರು ಅಂತ ಐತಿ," ಎಂದರು ಮೇಸ್ತ್ರಿ. "ಹದ್ನಾಕರ ಚೀಟಿ ಉದುರಿ ಬಿದ್ದೈತೇನೋ ಅಂತ ಪೆಟಗಿಯೆಲ್ಲ ಹುಡುಕಿದೆ."

ಶೀಶೆಯನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದರು.

"ಸಿಗಲಿಲ್ಲ."

ಆಮೇಲೆ ಅವರೇ ಬಾಗಿಲ ಚಿಲಕ ತೆಗೆದರು. ಎಡಗೈಯಿಂದ, ಎರಡು ಸಲ ಜಾರಿ. "ಹೋಗವ್ವಾ, ಬಸ್ ತಪ್ತೈತಿ."

ಬೈಯಲಿಲ್ಲ. ಇಪ್ಪತ್ತಾರು ಸಲ ಪರರನ್ನು ಬೈದವರು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ನನಗೆ ತಿಳಿದದ್ದು ಇಷ್ಟು: ವಿಚಾರಣೆಯ ಕೋಣೆಯಲ್ಲಿ ಅವರು ನನ್ನನ್ನು ಕಾಪಾಡಿರಲಿಲ್ಲ. ನಂಬಿದ್ದರು. ತಮ್ಮ ಮೂಗಿಗಿಂತ ನನ್ನ ಗುರುತನ್ನು ನಂಬಿದ್ದರು.

ಮತ್ತೆ ಅವರನ್ನು ಕಂಡದ್ದು ನಾಲ್ಕೇ ಸಲ. ಪಂಪ್ ರೂಮು ಮೊಬೈಲ್ ಅಂಗಡಿಯಾಗಿತ್ತು, ಅಳತೆಯ ಮೇಜು ಮಾರಿಹೋಗಿತ್ತು. ಅವರು ಎದುರಿನ ಬೇರೊಬ್ಬರ ಗ್ಯಾರೇಜಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕೊನೆಯ ಸಲ ನಾನು ರಸ್ತೆಯ ಈಚೆಯಿಂದಲೇ ನೋಡಿದೆ. ಯಾರೋ ಪರಿಚಯದವರು ಓಡುತ್ತಿದ್ದ ಲಾರಿಯ ಬಳಿಗೆ ಅವರನ್ನು ಕರೆದೊಯ್ದರು. ಅವರು ಎಡಗೈಯ ಬೆರಳುಗಳನ್ನು ಪೈಪಿನ ಮೇಲಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತಿದ್ದರು. ಕಣ್ಣು ತೆರೆದು ತಲೆಯಾಡಿಸಿದರು. ಲಾರಿಯ ಸದ್ದಿನ ಮೇಲೂ ಅವರ ದನಿ ಕೇಳಿತು.

"ಈ ಕೈಗೆ ತಿಳಿಯಂಗಿಲ್ಲೋ ಮಾರಾಯ."

ಸುರಕ್ಷತಾ ತರಬೇತಿ ಕೊಡುವವಳು ನಾನೇ. ದಾಖಲೆಯಲ್ಲಿ ಶಿಸ್ತಿನವಳೆಂದು ನನ್ನನ್ನು ಅದಕ್ಕೆ ಆರಿಸಿದರು. ಹದಿನಾರನೆಯ ಚಿತ್ರವನ್ನು ಕಳೆದ ವಾರದವರೆಗೆ ಹತ್ತೊಂಬತ್ತು ಸಲ ತೋರಿಸಿದ್ದೆ. ಇಪ್ಪತ್ತನೆಯದು ಮೊನ್ನೆ ಸೋಮವಾರ, ಹುಲುಗಪ್ಪನವರ ಫೋನು ಬಂದ ನಾಲ್ಕನೆಯ ದಿನ. ಚಿತ್ರವನ್ನು ತೆಗೆದುಹಾಕಬೇಕೆಂದು ಭಾನುವಾರ ಕಂಪ್ಯೂಟರಿನ ಮುಂದೆ ಕೂತಿದ್ದೆ. ತೆಗೆದರೆ ತರಬೇತಿಯ ಇಪ್ಪತ್ತು ಚಿತ್ರಗಳಲ್ಲಿ ಒಂದು ಕಡಿಮೆಯಾಗುತ್ತದೆ, ಯಾಕೆಂದು ಕೇಳುತ್ತಾರೆ. ತೆಗೆಯಲಿಲ್ಲ.

ಸೋಮವಾರ ಹದಿನಾರನೆಯದು ಬಂತು. ಬಿಚ್ಚಿದ ಬಾನೆಟ್ಟು, ನೆಲದ ಮೇಲೆ ಒಂದು ಟವಲು. ಕೆಳಗಿನ ಸಾಲನ್ನು ಓದಿ, ಅಡುಗೆ ಎಣ್ಣೆಯಲ್ಲಿ ಓಡುತ್ತಿದ್ದ ಬಸ್ಸಿನ ಕಥೆ ಹೇಳಿದೆ. ಹಿಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ ನಡುವಯಸ್ಸಿನ ಚಾಲಕರೊಬ್ಬರು ಕೈ ಎತ್ತಿದರು.

"ಮೇಡಂ, ಎಣ್ಣಿ ಹಾಕೂ ಮುಂಚೆ ಯಾರೂ ನೋಡಿದ್ದಿಲ್ಲೇನ್ರಿ?"

ಇಪ್ಪತ್ತು ಸಲದಲ್ಲಿ ಇದನ್ನು ಕೇಳಿದವರು ಅವರೊಬ್ಬರೇ.

"ನೋಡಿದ್ದಾರೆ ಅಂತ ದಾಖಲೆಯಲ್ಲಿದೆ," ಎಂದೆ.

ಅವರು ತಲೆದೂಗಿ, ಕಂಪನಿ ಕೊಟ್ಟಿದ್ದ ಹೊಸ ಪುಸ್ತಕ ತೆರೆದು ಅದನ್ನು ಬರೆದುಕೊಂಡರು.